ಕೊಂಡವಾಡದ ಕೀಲಿ

ಸವಣೂರಿಗೆ ಸಮುದ್ರವಿಲ್ಲ. ಕೆರೆಗಳಿವೆ, ಅವುಗಳಲ್ಲಿ ನೀರಿಗಿಂತ ಜಾಲಿ ಹೆಚ್ಚು. ಊರಿನ ಮುಕ್ಕಾಲು ಮಂದಿ ಹಡಗನ್ನು ನೋಡಿದ್ದು ಮೊಬೈಲಿನಲ್ಲಿ. ಆದರೂ ಆ ರವಿವಾರ ಸಮುದಾಯ ಭವನದ ವೇದಿಕೆಯ ಮೇಲೆ ಗೋಡೆಯಗಲದ ಹಡಗೊಂದು ಏರಿತು. ಬಟ್ಟೆಯ ಹಡಗು. ಅದರ ಹೊಟ್ಟೆಯ ಮೇಲೆ ಅಕ್ಷರ: 'ಕಡಲ್ಗಳ್ಳತನ ಮತ್ತು ರಾಷ್ಟ್ರಗಳ ಕರ್ತವ್ಯ: ವಿಚಾರ ಸಂಕಿರಣ.' ಹಡಗಿನ ಪಕ್ಕದಲ್ಲಿ ಶಿವಾನಂದ ಸಾಹುಕಾರರ ಮುಖ. ಭವನದ ಟ್ರಸ್ಟಿಗೆ ಅವರೇ ಅಧ್ಯಕ್ಷರು. ಹಡಗಿಗಿಂತ ಮುಖವೇ ದೊಡ್ಡದಿತ್ತು.

ಆ ಹಡಗಿನ ಕೆಳಗೆ ಸಿದ್ದವ್ವ ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ಭವನದ ಕಸ, ನೆಲ, ಸಂಡಾಸ, ಬಾಗಿಲ ಕೀಲಿ, ಎಲ್ಲವೂ ಅವಳ ಪಾಲು. ಹಿಂದಿನ ದಿನದ ಮದುವೆಯವರು ಗುಟಕಾ ಉಗುಳಿದ ಮೂಲೆಯನ್ನು ಉಗುರಿನಿಂದ ಕೆರೆದಳು. ಸಂಡಾಸಿಗೆ ಆ್ಯಸಿಡ್ ಸುರಿದು ತಿಕ್ಕಿದಳು. ಬೆರಳ ಸಂದಿಯ ಬಿರುಕಿನೊಳಗೆ ಆ್ಯಸಿಡ್ ಇಳಿದು ಉರಿಯಿತು. ಕೈ ಝಾಡಿಸಿಕೊಂಡು ಮತ್ತೆ ತಿಕ್ಕಿದಳು.

ಶಿವಾನಂದ ಸಾಹುಕಾರರು ಬಂದು ಒದ್ದೆ ನೆಲದ ಮೇಲೆಯೇ ಚಪ್ಪಲಿ ಮೆಟ್ಟಿ ನಿಂತರು.

"ಲಗೂ ಮುಗಸು. ಆಮ್ಯಾಲ ಮನಿಗೆ ಹೋಗಿ ಜಳಕಾ ಮಾಡಿ ಚಲೋ ಸೀರಿ ಉಟ್ಕೊಂಡ ಬಾ. ಇವತ್ತ ನಿನಗ ಸನ್ಮಾನ ಐತಿ."

"ನನಗ್ಯಾಕ್ರೀ ಸಾವ್ಕಾರ್ರ?"

"ನಿನ್ನ ಗಂಡನ್ನ ಕಳ್ಳರು ಹಡಗಿನ ಸಮೇತ ಹಿಡದಾರಲ್ಲ, ಅದಕ್ಕ. ಸನ್ಮಾನ ಆದ ಮ್ಯಾಲ ಊಟದ ತಾಟ ಎತ್ತಾಕ ನಿಂದರಬೇಕ ಮತ್ತ. ಹೋಗಿ ಬಿಟ್ಟೀ."

ಗೇಟಿನ ಹತ್ತಿರ ಖಾರದ ಬುಟ್ಟಿ ಇಟ್ಟುಕೊಂಡು ಕೂಡುವ ಚಮನಬಿ ಇದನ್ನು ಕೇಳಿ ಬಾಯಿಗೆ ಸೆರಗು ಹಿಡಿದಳು. ಓಣಿ ಬೇರೆಯಾದರೂ ಸಿದ್ದವ್ವನಿಗೆ ಆಕೆ ಅಕ್ಕನಂಥವಳು.

"ಯಾ ಅಲ್ಲಾ! ಕಳ್ಳರು ಹಿಡದದ್ದಕ್ಕ ಶಾಲು ಹೊಚ್ಚತಾರ? ಹಂಗಾರ ಬಿಟ್ರ ಏನ್ಮಾಡ್ತಾರಂತ, ಕೇಸ್ ಹಾಕ್ತಾರೇನು?"

ಸಿದ್ದವ್ವ ನಗಲಿಲ್ಲ. ನಕ್ಕು ಬಹಳ ದಿನವಾಗಿತ್ತು.

*

ಈ ಭವನ ಕಟ್ಟುವ ಮೊದಲು ಇಲ್ಲಿ ಕೊಂಡವಾಡವಿತ್ತು. ಬೇರೆಯವರ ಹೊಲಕ್ಕೆ ನುಗ್ಗಿದ ದನ, ಎಮ್ಮೆ, ಕತ್ತೆಗಳನ್ನು ತಂದು ಕೂಡಿಹಾಕುವ ಕಲ್ಲಿನ ದೊಡ್ಡಿ. ಅದರ ಕೀಲಿ ಸಿದ್ದವ್ವನ ಮಾವನ ಉಡಿದಾರದಲ್ಲಿ ತೂಗುತ್ತಿತ್ತು. ಹೊರಗೇರಿಯವನಿಗೆ ಊರು ಕೊಟ್ಟ ಒಂದೇ ಅಧಿಕಾರ ಅದು. ಸಗಣಿ ಬಳಿಯುವ ಅಧಿಕಾರ ಅದರ ಜೊತೆಗೇ ಬಂದಿತ್ತು.

ಮುದುಕ ಎರಡು ಮಾತು ಮೀರುತ್ತಿರಲಿಲ್ಲ. ಮೊದಲನೆಯದು ನೀರಿನದು. "ಬಾಯಿಲ್ಲದ್ದನ್ನ ಕೂಡಿ ಹಾಕಿದಿ ಅಂದ್ರ ಅದರ ಬಾಯಿ ಹಸಿ ಆಗೂತನಕ ನಿನ್ನ ಬಾಯಿ ಒಣಗಲಿ" ಎನ್ನುತ್ತಿದ್ದ. ಯಾರ ಶತ್ರುವಿನ ಎತ್ತೇ ಇರಲಿ, ಅದು ಕುಡಿದ ಮೇಲೆಯೇ ಅವನ ತುಟಿಗೆ ತಂಬಿಗೆ. ಎರಡನೆಯದು ಹೆಸರಿನದು. ದಂಡ ಕಟ್ಟಿದರೆ ಸಾಲದು. ಧಣಿ ಬಾಗಿಲ ಮುಂದೆ ನಿಂತು ದನವನ್ನು ಹೆಸರು ಹಿಡಿದು ಕರೆಯಬೇಕು. ಒಳಗಿನ ಹಿಂಡಿನಲ್ಲಿ ಒಂದು ಕಿವಿ ನಿಗುರಬೇಕು, ಒಂದು ಗೋಣು ತಿರುಗಬೇಕು. ಆಗ ಧಣಿ "ಇದು ನಮ್ಮದು" ಎನ್ನಬೇಕು. ಆಮೇಲೆ ಕೀಲಿ. ಗೌಡನೇ ಬಂದರೂ ಅಷ್ಟೇ. ಆಳನ್ನು ಕಳಿಸಿದ ಗೌಡನಿಗೆ ಮುದುಕ ಒಮ್ಮೆ ಹೇಳಿ ಕಳಿಸಿದ್ದ: "ಹೆಸರ ಕರ್ಯಾಕ ಬಾಯಿ ನೋಯ್ತಿದ್ರ ಎತ್ತು ಕಟ್ಟಬಾರದು ಅಂತ ಹೇಳು."

ದನಗಳು ಕಡಿಮೆಯಾದವು. ಕೊಂಡವಾಡ ಬಿತ್ತು. ಅದರ ಕಲ್ಲಿನ ಮೇಲೆಯೇ ಭವನ ಎದ್ದಿತು. ಮುಂದಿನ ಬಾವಿಗೆ ಕಬ್ಬಿಣದ ಜಾಲರಿ ಬಂತು. ಮುದುಕನ ಮಗ ದ್ಯಾಮಪ್ಪ ಭವನದ ಮದುವೆಗಳಲ್ಲಿ ಅನ್ನ ಬಸಿಯುತ್ತ, ರೊಟ್ಟಿ ಬಡಿಯುತ್ತ ಅಡುಗೆ ಕಲಿತ. ಹುಬ್ಬಳ್ಳಿಯ ಏಜೆಂಟನೊಬ್ಬ ಅವನ ಕೈರುಚಿ ನೋಡಿ ಗೋವಾಕ್ಕೆ ಒಯ್ದ. ಗೋವಾದಿಂದ ಹಡಗು. ಹಡಗಿನ ಹೆಸರು 'ಬ್ಲೂ ಮರ್ಸಿ'. ಅಲ್ಲಿ ಅಡುಗೆಯವನ ಕೈಕೆಳಗಿನವನ ಕೈಕೆಳಗಿನ ಕೆಲಸ. "ಇಲ್ಲೆ ಎಷ್ಟರ ನೀರೈತಿ ಸಿದ್ದಿ, ಒಂದ ತಂಬಿಗಿ ಕುಡ್ಯಾಕ ಬರಂಗಿಲ್ಲ ನೋಡು" ಎಂದು ಫೋನಿನಲ್ಲಿ ನಗುತ್ತಿದ್ದ.

ಆಮೇಲೆ ಆಫ್ರಿಕಾದ ದಂಡೆಯ ಕಡೆ ಬಂದೂಕಿನವರು ಹಡಗು ಹತ್ತಿದರು.

ಸಿದ್ದವ್ವ ಹಾವೇರಿಗೆ ಹೋದಳು. ಅವರು ಬೆಂಗಳೂರು ಎಂದರು. ಬೆಂಗಳೂರಿನವರು ಫೋನಿನಲ್ಲಿ ದಿಲ್ಲಿ ಎಂದರು. ದಿಲ್ಲಿಯ ನಂಬರಿನಲ್ಲಿ ಒಂದು ಹಾಡು ಬರುತ್ತಿತ್ತು. ಕೊನೆಗೆ ಯಾರೋ ಪುಣ್ಯಾತ್ಮ ತಿಳಿಸಿ ಹೇಳಿದ: ಹಡಗಿನ ಮಾಲೀಕ ಒಂದು ದೇಶದವನು, ಹಡಗಿನ ಮೇಲಿನ ಬಾವುಟ ಇನ್ನೊಂದು ದೇಶದ್ದು, ಒಳಗಿನ ಮಾಲು ಮತ್ಯಾರದೋ, ವಿಮೆ ಮಾಡಿದವರು ಬೇರೆ. ಅವರೆಲ್ಲ ಕೂತು ಮಾತಾಡಬೇಕು.

"ಒಳಗಿನ ಮನಿಷ್ಯಾ ಯಾರಾಂವ್ರೀ?" ಎಂದು ಸಿದ್ದವ್ವ ಕೇಳಿದಳು.

"ಅದನ್ನೇ ಚರ್ಚೆ ಮಾಡ್ತಿದ್ದಾರಮ್ಮ" ಎಂದ ಆ ಪುಣ್ಯಾತ್ಮ.

ಶ್ರಾವಣದಲ್ಲಿ ಮಠದ ಕಟ್ಟೆಯ ಕೆಳಗೆ ಕೂತು ಪುರಾಣ ಕೇಳಿ ಬೆಳೆದವಳು ಆಕೆ. ಒಬ್ಬ ಹೆಣ್ಣುಮಗಳನ್ನು ಕಡಲಾಚೆ ಒಯ್ದರೆಂದು ಕಪಿಗಳು ಕಲ್ಲು ಹೊತ್ತ ಕತೆ ಆಕೆಗೆ ಪದ ಪದವಾಗಿ ಬರುತ್ತಿತ್ತು. ದ್ಯಾಮಪ್ಪನಿಗಾಗಿ ಒಂದು ಕಪಿಯೂ ಒಂದು ಹರಳು ಎತ್ತಲಿಲ್ಲ. ರಾಣಿಯಲ್ಲ, ರೊಟ್ಟಿ ಬಡಿಯುವವನು.

ಒಂದು ಮಧ್ಯಾಹ್ನ ಭವನದ ಹಿಂದೆ ಕಡಾಯಿ ತಿಕ್ಕುವಾಗ ಫೋನು ಬಂತು. ಉದ್ದನೆಯ ನಂಬರು. ಮುರುಕು ಹಿಂದಿಯ ಗಂಡು ದನಿ. ಸವಣೂರಿನವಳಿಗೆ ಅಷ್ಟು ತಿಳಿಯುತ್ತದೆ. ಯಾರು ಬೇಕು? ಹೆಸರು ಹೇಳು.

ಸಿದ್ದವ್ವ ಕಡಾಯಿ ಬಿಟ್ಟು ಎದ್ದಳು. "ನಮ್ಮನಿಯವ್ರು" ಎಂದಳು.

ಹೆಸರು. ಹೆಸರು ಹೇಳು.

"ನಮ್ಮಾಂವ್ರೀ... ಅಡಿಗಿ ಮಾಡ್ತಾನಲ್ರೀ, ಆಂವಾ..."

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ತಾಯಿ ಬಾಯಿಗೆ ಬೀಗ ಹಾಕಿ ಕಳಿಸಿದ್ದಳು. ಮದುವೆಯಾದಾಗಿನಿಂದ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದು ಒಮ್ಮೆ ಮಾತ್ರ, ಬೀಗರು ಹೊಸಲಿಗೆ ಅಡ್ಡ ನಿಂತಾಗ, ಅದೂ ಒಡಪಿನೊಳಗೆ ಮುಚ್ಚಿಕೊಂಡು. 'ಬನ್ನೀ ಗಿಡದ ಬುಡಕ ಹಚ್ಚೇನಿ ದೀಪ, ದ್ಯಾಮಪ್ಪನ ಮಾರಿ ಕಂಡರ ಇಳಿತೈತಿ ತಾಪ.' ಕಡಲಿನ ಕಳ್ಳನಿಗೆ ಒಡಪು ಹೇಳಲು ಬರುತ್ತದೆಯೇ? ದನಿಯ ಹಿಂದೆ ತುಂಬ ಜನ ಉಸಿರಾಡುವ ಸಪ್ಪಳ. ಅದರೊಳಗೆ ಒಂದು ಕೆಮ್ಮು. ಒಣ ಕೆಮ್ಮು. ಅದು ಅವನದೇ. ಅಲ್ಲೇ ಇದ್ದ. ಕರೆದರೆ ಗೋಣು ತಿರುಗಿಸುವಷ್ಟು ಹತ್ತಿರ.

ಹೆಸರು, ಎಂದಿತು ದನಿ ಕೊನೆಯ ಸಲ.

ನಾಲಿಗೆ ಏಳಲಿಲ್ಲ. ಫೋನು ಕಟ್ಟಾಯಿತು.

ಆಮೇಲೆ ಅದು ಬರಲಿಲ್ಲ. ಅಂದಿನಿಂದ ಸಿದ್ದವ್ವ ಸಂಡಾಸು ತೊಳೆಯುವಾಗಲೂ ಫೋನನ್ನು ಕುಪ್ಪಸದಿಂದ ತೆಗೆದಿಡಲಿಲ್ಲ.

*

ಸಂಕಿರಣ ಭರ್ಜರಿಯಾಗಿ ನಡೆಯಿತು. ವೇದಿಕೆಯ ಮೇಲೆ ಮಖಮಲ್ಲಿನ ಕುರ್ಚಿಗಳು. ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದು ಸಿದ್ದವ್ವನದು. ಬೆಳಿಗ್ಗೆ ತಾನೇ ಒರೆಸಿದ ಕುರ್ಚಿಯ ಮೇಲೆ ಮೈ ಮುದುಡಿ ಕೂತಳು.

ಮೊದಲು ಒಬ್ಬ ವಕೀಲರು ಮಾತನಾಡಿದರು. ಹಡಗಿನ ಮೇಲೆ ಯಾವ ದೇಶದ ಬಾವುಟವಿದೆಯೋ ಮೊದಲು ಆ ದೇಶವನ್ನು ಕೇಳಬೇಕು, ಅದೇ ಕಾನೂನು ಎಂದು ತಿಳಿಸಿದರು. ಊರ ಹೊರಗಿನ ದೊಡ್ಡ ಹುಣಸೆ ಮರಗಳು ಆಫ್ರಿಕಾ ಮೂಲದವು, ಆದ್ದರಿಂದ ಸವಣೂರಿಗೂ ಆ ಖಂಡಕ್ಕೂ ಪ್ರಾಚೀನ ಬಾಂಧವ್ಯ ಎಂದರು. ಚಪ್ಪಾಳೆ. ಸಿದ್ದವ್ವ ಯೋಚಿಸಿದಳು: ಅಲ್ಲಿಂದ ಮರ ಬಂದರೆ ಕಟ್ಟೆ ಕಟ್ಟಿ ಫಲಕ ಹಾಕುತ್ತಾರೆ. ಇಲ್ಲಿಂದ ಮನುಷ್ಯ ಹೋದರೆ?

ಮುಖ್ಯ ಭಾಷಣ ಧಾರವಾಡದ ನಿವೃತ್ತ ಪ್ರಾಧ್ಯಾಪಕ ಸುಯಮೀಂದ್ರ ಅವರದು. ತಂದೆ ತಾತಂದಿರೆಲ್ಲ ಘನ ಪಂಡಿತರು. ಇವರು ಶ್ಲೋಕದಿಂದ ಆರಂಭಿಸಿ ಯುದ್ಧನೌಕೆಗೆ ಬಂದರು.

"ಕಡಲ್ಗಳ್ಳರೊಂದಿಗೆ ಮಾತುಕತೆ ಸಲ್ಲದು. ಇಂದು ಒಬ್ಬನಿಗೆ ಮಣಿದರೆ ನಾಳೆ ನೂರು ಜನ ದೋಣಿ ಏರುತ್ತಾರೆ. ರಾಷ್ಟ್ರಗಳ ಮುಂದಿರುವ ಮಾರ್ಗ ಒಂದೇ. ಬಾಗಿಲು ಒಡೆದು ಒಳನುಗ್ಗುವುದು. ಆ ಕ್ರಮದಲ್ಲಿ ಒತ್ತೆಯಾಳುಗಳಲ್ಲಿ ಕೆಲವರು ನಷ್ಟವಾಗಬಹುದು. ರಾಷ್ಟ್ರದ ಘನತೆಯ ಮುಂದೆ ಅದು ಸಹಿಸಬಹುದಾದ ನಷ್ಟ."

ಸಹಿಸಬಹುದಾದ ನಷ್ಟ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಸೆರಗಿನ ತುದಿ ಸುತ್ತಿಕೊಳ್ಳುತ್ತಿತ್ತು. ಯಾರೂ ಅತ್ತ ನೋಡಲಿಲ್ಲ.

ಸನ್ಮಾನಕ್ಕೆ ಶಿವಾನಂದ ಸಾಹುಕಾರರು ಮೈಕು ಹಿಡಿದರು. "ಈಗ ನಮ್ಮ ಊರಿನ ಹೆಮ್ಮೆ, ಹಡಗಿನೊಳಗ ಸಿಕ್ಕೊಂಡಿರೂ ಒಬ್ಬ ಖಲಾಸಿಯ ಧರ್ಮಪತ್ನಿ... ಏನವಾ, ಗಂಡನ ಹೆಸರೇನು?"

ಸಿದ್ದವ್ವ ಎದ್ದು ನಿಂತಳು. ಮೈಕು ಬಾಯಿಯ ಹತ್ತಿರ ಬಂತು. ಬಾಯಿ ಒಣಗಿತು.

"ಹೇಳವಾ, ನಾಚತಿ ಯಾಕ?"

ಸಭೆಯಲ್ಲಿ ಯಾರೋ ಕೂಗಿದರು: "ಒಡಪು ಹಾಕಸ್ರಿ ಸಾವ್ಕಾರ್ರ!" ನಗೆ ಎದ್ದಿತು. ಸಾಹುಕಾರರಿಗೂ ಹುಮ್ಮಸ್ಸು ಬಂತು. ವೇದಿಕೆಯ ಮೇಲಿದ್ದ ಅವರ ಹೆಂಡತಿ, ಮಹಿಳಾ ಮಂಡಳದ ನೀಲಾಂಬಿಕಾ, ದಾರಿ ತೋರಿಸಲೆಂದು ತಾವೇ ಮೈಕು ಇಸಿದುಕೊಂಡರು.

"ಅಡಕಲ ಗಡಗ್ಯಾಗ ಇಟ್ಟೇನಿ ಬೆಲ್ಲ, ಶಿವಾನಂದರ ಬಿಟ್ಟರ ನನಗ್ಯಾರೂ ಇಲ್ಲ!"

ಸಿಳ್ಳೆ ಬಿತ್ತು. "ಈಗ ನೀ ಹಾಕು ಸಿದ್ದವ್ವ! ಹೂಂ! ಹಡಗಿನ ಮ್ಯಾಲ ಹಾಕು!"

ಹಡಗಿನ ಮ್ಯಾಲ ಹಾಕು. ನಗುವ ಬಾಯಿಗಳು ಸಾಲಾಗಿ ತೆರೆದುಕೊಂಡಿದ್ದವು. ಎಲ್ಲರ ಬಾಯಿಗೂ ಅವರವರ ಗಂಡ, ಅವರವರ ಹೆಂಡತಿ ಪಕ್ಕದಲ್ಲೇ ಇದ್ದರು. ಸಿದ್ದವ್ವನ ಕಿವಿಯಲ್ಲಿ ಆ ಒಣ ಕೆಮ್ಮು. ಮೈಕಿನೊಳಗೆ ಬರೀ ಅವಳ ಉಸಿರು ಬಿತ್ತು.

"ಇರಲಿ, ಪಾಪ, ಹಳ್ಳಿ ಹೆಣ್ಮಗಳು" ಎಂದು ಸಾಹುಕಾರರು ಶಾಲು ಹೊದಿಸಿದರು.

ಅವಳು ಆಗ ಕೇಳಿದಳು: "ಸಾವ್ಕಾರ್ರ, ನಂದೊಂದ ಮಾತೈತ್ರಿ. ನೀವೆಲ್ಲಾ ಸೇರಿ ದಿಲ್ಲಿಗೆ ಒಂದ..."

"ಟೈಮಿಲ್ಲವಾ, ಅನ್ನ ಆರ್‍ತೈತಿ" ಎಂದರು ಅವರು.

ಸಭೆ ಹೊರಗಿನ ಪೆಂಡಾಲಿಗೆ ಊಟಕ್ಕೆ ಹೋಯಿತು. ವೇದಿಕೆಯವರು ಚಿತ್ರ ತೆಗೆಸಿಕೊಳ್ಳಲು ನಿಂತರು. ಫೋಟೋದವನು ಕಣ್ಣು ಕಿರಿದು ಮಾಡಿ ಸಿದ್ದವ್ವನತ್ತ ಕೈಯಾಡಿಸಿದ.

"ಅವಾ, ಸ್ವಲ್ಪ ಸರಿ. ಹಡಗಿಗೆ ಅಡ್ಡ ಆಗಾಕತ್ತೀ."

ಸರಿದಳು.

"ಇನ್ನೂ ಸ್ವಲ್ಪ. ಇನ್ನೂ."

ಸರಿಯುತ್ತ ವೇದಿಕೆಯಿಂದ ಇಳಿದಳು. ಸರಿಯುತ್ತ ಸಭಾಗೃಹ ದಾಟಿದಳು. ಹೊಸಲು ದಾಟಿದಳು. ತಿರುಗಿ ನೋಡಿದಳು. ಹಡಗಿನ ಮುಂದೆ ಹಲ್ಲು ಕಿಸಿದು ನಿಂತವರು ಕಂಡರು. ಸಾಗವಾನಿಯ ಎರಡು ಬಾಗಿಲನ್ನೂ ಎಳೆದಳು. ಚಿಲಕ ಸರಿಸಿದಳು. ಕೀಲಿ ಹಾಕಿದಳು.

*

ಮೊದಲು ಮಾಡಿದ ಕೆಲಸ ನೀರಿನದು. ಊಟದ ಪೆಂಡಾಲಿನಿಂದ ನೀರಿನ ಬಾಟಲಿಗಳ ಪೆಟ್ಟಿಗೆ ಹೊತ್ತು ತಂದು ಕಿಟಕಿಯ ಸರಳಿನೊಳಗೆ ಒಂದೊಂದಾಗಿ ತೂರಿದಳು. "ಕುಡೀರಿ" ಎಂದಳು. ಒಳಗಿನವರು ಇದೇನೋ ಸೇವೆ ಎಂದುಕೊಂಡು ಕುಡಿದರು. ಆಮೇಲೆ ಬಾಗಿಲು ನೂಕಿದರು. ಆಮೇಲೆ ಬಡಿದರು.

ಸಿದ್ದವ್ವ ಬಾವಿಯ ಕಟ್ಟೆ ಹತ್ತಿ ಕೂತಳು. ಕೀಲಿಯನ್ನು ಜಾಲರಿಯ ತೂತಿನ ಮೇಲೆ ಎರಡು ಬೆರಳಿನಲ್ಲಿ ಹಿಡಿದಳು. ಕೆಳಗೆ ಆಳ, ಅದರ ಕೆಳಗೆ ಊರಿನ ಕಸ.

"ಯಾರರ ಹತ್ರ ಬಂದ್ರ ಬಿಟ್ಟ ಬಿಡ್ತೇನಿ" ಎಂದಳು. ದನಿ ಏರಿಸಲಿಲ್ಲ.

ಚಮನಬಿ ಬುಟ್ಟಿ ಬಿಟ್ಟು ಓಡಿ ಬಂದಳು. "ಹುಚ್ಚು ಹಿಡೀತೇನ ನಿನಗ? ದೊಡ್ಡ ಮಂದೀನ ಕೂಡಿದಿಯಲ್ಲ!"

"ಕೊಂಡವಾಡ ಅಕ್ಕಾ ಇದು. ಕೂಡೂದಕ್ಕ ಕಟ್ಟ್ಯಾರ."

ದಿಲ್ಲಿಯ ನಂಬರಿನಲ್ಲಿ ಹಾಡು ಕೇಳಿ ಕೇಳಿ ಸಿದ್ದವ್ವನ ಕಿವಿ ಸವೆದಿತ್ತು. ಇಲ್ಲಿ ಅನ್ನ ಆರುವುದರೊಳಗೆ ಜೀಪು ಬಂತು. ಹಿಂದೆ ಇನ್ನೊಂದು ಜೀಪು. ಪುರಸಭೆಯವರು ಬಂದರು. ಹಾವೇರಿಯಿಂದ ಫೋನು, ಬೆಂಗಳೂರಿನಿಂದ ಫೋನು. ರಾಷ್ಟ್ರಕ್ಕೆ ಇಷ್ಟು ಚುರುಕು ಕಾಲಿದೆ ಎಂದು ಸಿದ್ದವ್ವನಿಗೆ ಅಂದೇ ತಿಳಿದದ್ದು.

ಫೌಜದಾರ ಚನ್ನೇಶ ಇಳಿದು ಪ್ಯಾಂಟು ಏರಿಸಿಕೊಂಡ. "ಬಾಗಲಾ ಒಡೀರಿ" ಎಂದ.

ಪುರಸಭೆಯ ಅಧಿಕಾರಿ ಅಡ್ಡ ಬಂದ. "ಒಡ್ಯಾಕ ಬರಂಗಿಲ್ರಿ. ಜಾಗಾ ನಮ್ದು, ಕಟ್ಟಡ ಟ್ರಸ್ಟಿಂದು. ಆಮ್ಯಾಲ ಕೇಸ್ ನಮ್ಮ ಮ್ಯಾಲ ಬರ್ತೈತಿ. ಟ್ರಸ್ಟಿನ ಅಧ್ಯಕ್ಷರ ಪರವಾನಗಿ ಬೇಕು."

"ಎಲ್ಲೆ ಅದಾರ ಅಧ್ಯಕ್ಷರು?"

"ಒಳಗ."

ಚಮನಬಿ ಗುಂಪಿನೊಳಗಿನಿಂದ ಕೇಳಿದಳು: "ಸಾಹೇಬ್ರ, ಮೊದಲ ಮ್ಯಾಲ ನೋಡ್ರಿ. ಭವನದ ಮ್ಯಾಲ ಯಾ ದೇಶದ ಬಾವುಟ ಐತಿ? ಅವರನ್ನ ಕೇಳಬೇಕಂತ ಕಾನೂನೈತಿ. ಈಗ ವಕೀಲರು ಹೇಳಿದ್ರಲ್ಲ!"

ಎಲ್ಲರೂ ಮೇಲೆ ನೋಡಿದರು. ಹೋದ ಆಗಸ್ಟಿನ ಹಗ್ಗ ಮಾತ್ರ ಗಾಳಿಗೆ ಆಡುತ್ತಿತ್ತು.

ಪೆಂಡಾಲಿನವರು ತಾಟು ಹಿಡಿದುಕೊಂಡೇ ಬಂದು ನಿಂತಿದ್ದರು. ಕೆಲವರು ಮಾತಾಡಿ ಬಿಡಿಸಿರಿ ಎಂದರು, ಕೆಲವರು ಒದ್ದು ಬಿಡಿಸಿರಿ ಎಂದರು. ಒಬ್ಬ ಗಂಭೀರವಾಗಿ ಖಂಡಿಸಿ, ಇನ್ನೊಂದು ಹೋಳಿಗೆಗೆ ಪೆಂಡಾಲಿಗೆ ಹೋದ.

"ಒಡೀರಿ ಅಂದ್ನೆಲ್ಲ!" ಎಂದು ಚನ್ನೇಶ ಗದರಿದ. ಪೇದೆಗಳು ಹಾರೆ ಎತ್ತಿದರು.

ಕಿಟಕಿಯಲ್ಲಿ ಎರಡು ಮುಖ ಒಟ್ಟಿಗೆ ಕಂಡವು. "ಬಾಗಲಾ ಮುಟ್ಟಬ್ಯಾಡ್ರೋ! ಸಾಗವಾನೀದು! ನಮ್ಮಪ್ಪನ ಹೆಸರು ಕೆತ್ತೇತಿ!" ಎಂದು ಶಿವಾನಂದ ಸಾಹುಕಾರರು ಒದರಿದರು.

ಇನ್ನೊಂದು ಮುಖ ಸುಯಮೀಂದ್ರರದು. ವೇದಿಕೆಯ ಗ್ರಂಥದ ಭಾಷೆ ವೇದಿಕೆಯ ಮೇಲೆಯೇ ಉಳಿದಿತ್ತು. "ಒಡೀಬ್ಯಾಡ್ರಿ! ನಾವು ಬಾಗಲದ ಹಿಂದನ ಇದ್ದೇವ್ರಿ, ಜೀವ ಹೋದೀತು! ನನಗ ಬಿಪಿ ಅದ! ಆಕೀ ಜೊತಿ ಮಾತಾಡ್ರಿ! ಏನ್ ಕೇಳ್ತಾಳ ಕೊಟ್ಟು ಬಿಡ್ರಿ!"

ಚನ್ನೇಶ ಬಾವಿಯತ್ತ ತಿರುಗಿದ. "ಏನ್ ಬೇಕು ನಿನಗ? ರೊಕ್ಕಾ?"

"ಬ್ಯಾಡ್ರಿ. ಇದು ನಮ್ಮ ಮಾವನ ದೊಡ್ಡಿ. ಯಾರರ ಒಬ್ಬರು ಬಾಗಲದ ಮುಂದ ಬರ್‍ರಿ. ಒಳಗಿನವರೊಳಗ ಒಬ್ಬರನ್ನರ ಹೆಸರ ಹಿಡದು ಕರೀರಿ. ಇವರು ನಮ್ಮವರು ಅನ್ರಿ. ಬಿಡ್ತೇನಿ."

"ಇಷ್ಟನ?"

"ಇಷ್ಟರೀ. ಇಷ್ಟ ನಾ ದಿಲ್ಲಿಗೂ ಕೇಳಿದ್ದು."

ಚನ್ನೇಶನಿಗೆ ಹಗುರಾಯಿತು. ಗುಂಪಿನತ್ತ ತಿರುಗಿದ. "ಬರ್‍ರಿ ಯಾರರ. ಪ್ರೊಫೆಸರ್ ನಮ್ಮವರು ಅಂತ ಒಂದ ಮಾತ ಹೇಳ್ರಿ."

ತಾಟಿನವರು ತಾಟು ನೋಡಿದರು. ಅವರು ಧಾರವಾಡದವರು, ನಮಗೇನು ಗೊತ್ತು ಎಂದರು. ಪುರಸಭೆಯವನು ಅತಿಥಿಗಳು ಟ್ರಸ್ಟಿನವರೆಂದ. ಸಾಹುಕಾರರ ಹಿಂದೆ ಮುಂದೆ ತಿರುಗುವ ಹುಡುಗರನ್ನು ಚನ್ನೇಶ ಹೆಸರು ಹಿಡಿದು ಕರೆದ. ಒಬ್ಬ ತಲೆ ಕೆರೆದುಕೊಂಡ. "ಹೇಳ್ತಿದ್ವಿ ಸರ್. ಆದ್ರ ನಾಳೆ ಕೇಸ್ ಆತಂದ್ರ ಸಾಕ್ಷಿ ಅಂತ ಹಾವೇರಿಗೆ ತಿರಗಬೇಕಾಗತೈತಿ."

ಕಿಟಕಿಯೊಳಗೆ ಸುಯಮೀಂದ್ರರು ಈ ಮಾತುಗಳನ್ನೆಲ್ಲ ಒಂದೊಂದಾಗಿ ಕೇಳುತ್ತಿದ್ದರು. ಅವರ ಎರಡೂ ಕೈ ಸರಳು ಹಿಡಿದಿದ್ದವು.

"ನಮ್ಮನೀಗೆ ಫೋನ್ ಹಚ್ಚರಿ" ಎಂದರು ಸಣ್ಣ ದನಿಯಲ್ಲಿ.

*

ಫೋನು ಧಾರವಾಡಕ್ಕೆ ಹೋಯಿತು. ಚನ್ನೇಶ ಸ್ಪೀಕರ್ ಹಾಕಿ ಬಾವಿಯ ಕಟ್ಟೆಯ ತುದಿಗೆ ಇಟ್ಟು ಹಿಂದೆ ಸರಿದ. ಸಿದ್ದವ್ವ ಬಗ್ಗಿದಳು. ಅತ್ತಲಿಂದ ವಯಸ್ಸಾದ ಹೆಣ್ಣುದನಿ.

"ಯಾರ್‍ರಿ? ನಾ ಪದ್ಮಾಬಾಯಿ ಮಾತಾಡ್ಲಿಕ್ಕತ್ತೀನಿ. ನಮ್ಮವರು ಆರಾಮ ಇದ್ದಾರಲ್ಲ?"

"ಆರಾಮ ಅದಾರ್‍ರೀ ಅವ್ವಾರ. ನೀರ ಕುಡದಾರ. ಕೂಡಿ ಹಾಕೇನಿ. ನೀವು ಅವರ ಹೆಸರ ಹೇಳಿ, ನಮ್ಮವರು ಅನ್ರಿ. ಬಿಡ್ತೇನಿ."

"ನಮ್ಮನಿಯವರು... ಪ್ರೊಫೆಸರ್ ಅವರು..."

"ಹೆಸರು ಹೇಳ್ರಿ."

"ಅಯ್ಯ, ಹೆಸರು ಹ್ಯಾಂಗ ಹೇಳೂದವಾ? ಐವತ್ತ ವರ್ಷ ಸಂಸಾರ ಮಾಡೀನಿ. ಒಂದ ದಿನಾ ಅಂದಿಲ್ಲ. ಅವರ ಆಯುಷ್ಯ..."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಕೀಲಿ ಜಾಲರಿಗೆ ಬಡಿದು ಸಪ್ಪಳವಾಯಿತು.

'ಹೆಸರು ಹೇಳು.' ಆ ಮುರುಕು ದನಿಯ ಜಾಗದಲ್ಲಿ ಈಗ ತಾನೇ ಕೂತಿದ್ದಳು. ಅತ್ತ ಕಡೆ, ಅಂದು ಕಡಾಯಿ ತಿಕ್ಕುತ್ತಿದ್ದ ತನ್ನಂತೆಯೇ, ಹೆಂಗಸೊಬ್ಬಳು ಬಾಯಿ ಒಣಗಿ ನಿಂತಿದ್ದಳು. ಒಂದು ಚಣ ಅವಳಿಗೆ ಕೀಲಿ ಬಿಸಾಕಿ ಮನೆಗೆ ಹೋಗಬೇಕೆನಿಸಿತು.

"ಅವ್ವಾರ" ಎಂದಳು. ದನಿ ಬಹಳ ಮೆತ್ತಗಾಗಿತ್ತು. "ನನಗೂ ಹಿಂಗ ಫೋನ್ ಬಂದಿತ್ತ್ರಿ. ಕಳ್ಳ ಕೇಳಿದ, ಹೆಸರು ಹೇಳು ಅಂತ. ಆಯುಷ್ಯ ಕಡಿಮಿ ಆಗತೈತಿ ಅಂತ ನಾನೂ ಹೇಳಲಿಲ್ಲ. ಲೈನ್ ಕಟ್ ಆತು. ಆಂವಾ ಅಲ್ಲೇ ಕೆಮ್ಮಾಕತ್ತಿದ್ದ್ರಿ. ಕರದಿದ್ರ ಕೇಳಿಸ್ತಿತ್ತು. ಹೇಳ್ರಿ ಅವ್ವಾರ. ನಾ ಮಾಡಿದ್ದ ಮಾಡಬ್ಯಾಡ್ರಿ."

ತಾಟಿನವರು ಅಗಿಯುವುದನ್ನು ನಿಲ್ಲಿಸಿದರು.

"ಸುಯಮೀಂದ್ರ" ಎಂದಿತು ಫೋನು. ಮುರಿದ ದನಿ. ಆಮೇಲೆ ಗಟ್ಟಿಯಾಗಿ, ಹಿತ್ತಲಿನಿಂದ ಕರೆದಂತೆ: "ಸುಯಮೀಂದ್ರಾ! ನಮ್ಮವರವಾ ಅವರು. ನನ್ನವರು."

ಕಿಟಕಿಯೊಳಗೆ ಪ್ರಾಧ್ಯಾಪಕರ ಗೋಣು ತಟ್ಟನೆ ತಿರುಗಿತು.

ಸಿದ್ದವ್ವ ಅದನ್ನು ನೋಡಿದಳು. ಕಟ್ಟೆ ಇಳಿದಳು. ದೊಡ್ಡಿಯ ಮಾತು ಮಾತೇ. ಕೀಲಿ ತೆಗೆದಳು.

*

ಸುಯಮೀಂದ್ರರು ಮೊದಲು ಹೊರಬಂದರು. ಯಾರೋ ಮಜ್ಜಿಗೆ ಕೊಟ್ಟರು. ಕುಡಿದರು. ಬಾಯಿ ಒರೆಸಿಕೊಂಡರು. ಪತ್ರಿಕೆಯವರ ಮೊಬೈಲು ಎದುರು ಬಂದಾಗ ವೇದಿಕೆಯ ಭಾಷೆ ಮರಳಿ ಬಂತು.

"ಇಂಥವರೊಂದಿಗೆ ಮಾತುಕತೆ ನಡೆಸಿದ್ದೇ ತಪ್ಪು. ಇಂದು ಒಬ್ಬಳಿಗೆ ಮಣಿದರೆ ನಾಳೆ ಕಸ ಗುಡಿಸುವವರೆಲ್ಲ ಕೀಲಿ ಹಾಕುತ್ತಾರೆ."

ಕಟ್ಟೆಯ ಮೇಲಿನ ಫೋನು ಇನ್ನೂ ಕಟ್ಟಾಗಿರಲಿಲ್ಲ. "ಸುಮ್ಮನ ಮನೀಗೆ ಬರ್‍ರಿ!" ಎಂದಿತು ಪದ್ಮಾಬಾಯಿಯ ದನಿ. ಚನ್ನೇಶ ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡ.

ಶಿವಾನಂದ ಸಾಹುಕಾರರು ಬಾಗಿಲು ಸವರಿ ನೋಡಿದರು. ಗೀರು ಬಿದ್ದಿರಲಿಲ್ಲ. ಆಮೇಲೆ ಸಿದ್ದವ್ವನ ಹೆಗಲಿನಿಂದ ಶಾಲು ಕಿತ್ತುಕೊಂಡರು. "ಅಪಹರಣದ ಕೇಸ್ ಜಡೀರಿ ಈಕೀಗೆ" ಎಂದರು.

"ನೋಡಿದಿಯೇನ? ನಾ ಅಂದಿದ್ನೆಲ್ಲ, ಬಿಟ್ರ ಕೇಸ್ ಹಾಕ್ತಾರ ಅಂತ!" ಎಂದು ಚಮನಬಿ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಚನ್ನೇಶ ಜೀಪಿನ ಮೂತಿಯ ಮೇಲೆ ಕಾಗದ ಇಟ್ಟ. "ಹೆಸರು?"

"ಸಿದ್ದವ್ವ."

"ಗಂಡನ ಹೆಸರು?" ಕೇಳಿ, ಗುಂಪಿನತ್ತ ನೋಡಿ ಮೀಸೆಯಲ್ಲಿ ನಕ್ಕ. "ಒಡಪು ಹಾಕ್ತಿ ಏನ್?"

ಗುಂಪು ನಗಲು ಬಾಯಿ ತೆರೆಯಿತು.

"ದ್ಯಾಮಪ್ಪ" ಎಂದಳು ಸಿದ್ದವ್ವ.

ದೀಪವಿಲ್ಲ, ತಾಪವಿಲ್ಲ. ಬರಿ ಹೆಸರು. ತೆರೆದ ಬಾಯಿಗಳು ಹಾಗೆಯೇ ನಿಂತವು. ಅವಳು ಭವನದ ಬಾಗಿಲ ಕಡೆ ತಿರುಗಿದಳು. ಒಳಗೆ ಗೋಡೆಯ ಮೇಲೆ ಬಟ್ಟೆಯ ಹಡಗು ಫ್ಯಾನಿನ ಗಾಳಿಗೆ ಅಲುಗಾಡುತ್ತಿತ್ತು.

"ದ್ಯಾಮಪ್ಪಾ!" ಕೊಂಡವಾಡದ ಮುಂದೆ ಧಣಿ ಕರೆಯುವಂತೆ ಕರೆದಳು. ಕುತ್ತಿಗೆಯ ನರ ಉಬ್ಬಿದವು. "ದ್ಯಾಮಪ್ಪಾ! ಆಂವಾ ನಮ್ಮಾಂವಾ! ನನ್ನಾಂವಾ! ಬಿಡ್ರಿ ಅವನ್ನ!"

"ದ್ಯಾಮಪ್ಪ ನಮ್ಮಾಂವಾ!" ಎಂದು ಚಮನಬಿಯೂ ಕೂ ಹಾಕಿದಳು.

ತಾಟಿನವರಲ್ಲಿ ಯಾರೂ ದನಿಗೂಡಿಸಲಿಲ್ಲ. ಸಾಕ್ಷಿಯಾಗಬೇಕಾದೀತು.

"ಸಾಕು, ಹತ್ತು" ಎಂದ ಚನ್ನೇಶ. "ಕೀಲಿ ಕೊಡು."

ಕೊಟ್ಟಳು.

"ಫೋನ್ ಕೊಡು. ಜಪ್ತಿ ಮಾಡಬೇಕು."

ಸಿದ್ದವ್ವ ಕುಪ್ಪಸದಿಂದ ಫೋನು ತೆಗೆದಳು. ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಎದೆಗೊತ್ತಿಕೊಂಡಳು.

"ಇದನ್ನ ಕೊಡಾಂಗಿಲ್ಲ. ಅದು ಮತ್ತ ಬರ್ತೈತಿ. ಹೆಸರು ಹೇಳು ಅಂತಾನ. ಹೇಳಾಕ ನಾ ಇರಬೇಕು."

ಮಹಿಳಾ ಪೇದೆ ಬಂದು ಬೆರಳು ಬಿಡಿಸಲು ನೋಡಿದಳು. ಒಂದನ್ನು ಎತ್ತಿದರೆ ಇನ್ನೊಂದು ಬಿಗಿಯಾಗುತ್ತಿತ್ತು. ಆ್ಯಸಿಡ್ ತಿಂದ ಬಿರುಕುಗಳು ಬಾಯಿ ಬಿಟ್ಟು ರಕ್ತ ಜಿನುಗಿತು. ಪೇದೆಯ ಕೈ ಜಾರಿತು. ಚನ್ನೇಶ ಗಡಿಯಾರ ನೋಡಿಕೊಂಡ. ಅವನದೂ ಊಟ ಆಗಿರಲಿಲ್ಲ.

"ಠಾಣೇದಾಗ ನೋಡೂಣು" ಎಂದ.

ಜೀಪು ಹೊರಟಿತು. ಮುಷ್ಟಿ ಬಿಚ್ಚಿರಲಿಲ್ಲ.